ಕೊಚ್ಚಿಗೆ ಒಲೆ ಬೇಡ

“ಗ್ಯಾಸ್ ಸ್ಟೌವಾ? ಕೊಚ್ಚಿಗಾ?” ಕೃಪಾ ಚಾಪೆಯಿಂದ ಎದ್ದೇ ನಿಂತಳು. “ಅಪ್ಪಾ, ನಾವು ಟ್ರಿಪ್ ಹೋಗ್ತಿರೋದಾ, ಮನೆ ಶಿಫ್ಟ್ ಮಾಡ್ತಿರೋದಾ?”

“ಚಿಕ್ಕ ಸ್ಟೌ ಕಣೇ. ಕಾರ್ ಡಿಕ್ಕೀಲಿ ಹಿಡಿಯುತ್ತೆ,” ಎಂದ ಅಪ್ಪ ಲೋಕೇಶ್. “ತಾತಂಗೆ ಹೋಟೆಲ್ ಊಟ ಆಗಲ್ವಲ್ಲ.”

“ಮುದ್ದೆ ಇಲ್ದಿದ್ರೆ ನಂಗೆ ನಿದ್ದೇನೇ ಬರಾಕಿಲ್ಲ ಕೂಸೇ,” ಎಂದರು ಮಂಚದ ಮೇಲಿದ್ದ ನಂಜಪ್ಪ ತಾತ.

ದಸರಾ ರಜೆಗೆ ಕೊಚ್ಚಿ ಎಂದು ಹಟ ಹಿಡಿದವಳು ಕೃಪಾಳೇ. ಹಳೆಯ ಬಂದರುಗಳ ಪಾಠ ಓದಿದ ದಿನದಿಂದ ಅವಳ ಬಾಯಲ್ಲಿ ಅದೇ ಮಾತು. ಅರಬರು, ಚೀನೀಯರು, ಪೋರ್ಚುಗೀಸರು, ಎಲ್ಲರೂ ಹಡಗಿನಲ್ಲಿ ವ್ಯಾಪಾರಕ್ಕೆ ಬಂದ ಊರು! ನಾಗಸಂದ್ರದ ಮನೆಯಲ್ಲಿ ಕುಳಿತು, ಅಪ್ಪನ ಫೋನಿನಲ್ಲಿ ಮ್ಯಾಪ್ ತೆರೆದುಕೊಂಡು, ಅವಳು ಆಗಲೇ ಗೈಡ್ ಆಗಿಬಿಟ್ಟಿದ್ದಳು.

“ಅಪ್ಪಂಗೆ ಹಳೇ ಅರಮನೆ. ತಾತಂಗೆ ಸಮುದ್ರದ ದಂಡೆ. ನಂಗೆ ಚೀನೀ ಮೀನುಬಲೆ, ಒಂದೊಂದೂ ನಮ್ಮನೆ ಅಷ್ಟು ದೊಡ್ಡದು! ಅಮ್ಮಾ, ನಿಂಗೇನು ನೋಡ್ಬೇಕು?”

ಅಡುಗೆಮನೆಯಿಂದ ಅಮ್ಮ ಶ್ಯಾಮಲಾ ನಕ್ಕಳು. “ನಂದೇನಿದೆ? ಅಲ್ಲಿ ಸಿಂಕಲ್ಲಿ ನೀರು ಚೆನ್ನಾಗಿ ಬರುತ್ತಾ ಕೇಳು, ಸಾಕು.”

ಅಪ್ಪನೂ ನಕ್ಕ. ಕೃಪಾಳಿಗೆ ಮಾತ್ರ ನಗು ಬರಲಿಲ್ಲ. ಮ್ಯಾಪನ್ನು ಹಿಗ್ಗಿಸಿದಳು, ಕುಗ್ಗಿಸಿದಳು. ಅಷ್ಟು ದೊಡ್ಡ ಊರಿನಲ್ಲಿ ಅಮ್ಮ ಕೇಳಿದ್ದು ಒಂದು ಸಿಂಕ್.

“ಒಂದ್ನಿಮಿಷ ಇರಿ,” ಎಂದವಳೇ, ಅವರು ಇಳಿದುಕೊಳ್ಳಲಿದ್ದ ಹೋಮ್‌ಸ್ಟೇ ಒಡತಿಗೆ ಫೋನ್ ಹಚ್ಚಿದಳು. “ಹಲೋ ರಾಣಿ ಆಂಟಿ, ಐ ಆಮ್ ಕೃಪಾ, ಬೆಂಗಳೂರು. ಮೈ ತಾತ ವಾಂಟ್ಸ್ ರಾಗಿ. ರಾಗಿ ಮಸ್ಟ್!”

ಆ ಕಡೆಯ ನಗು ಎಲ್ಲರಿಗೂ ಕೇಳಿಸಿತು. “ರಾಗಿ ಪುಟ್ಟು ಓಕೆ? ಮಾರ್ನಿಂಗ್, ನೈಟ್, ಎನಿ ಟೈಮ್!”

“ಪುಟ್ಟು ಅಂದ್ರೇನು?” ತಾತ ಹುಬ್ಬು ಗಂಟಿಕ್ಕಿದರು.

“ರಾಗಿ ಹಿಟ್ಟಿಗೆ ಕಾಯಿತುರಿ ಹಾಕಿ ಆವೀಲಿ ಬೇಯ್ಸೋದು. ಜೊತೆಗೆ ಕಡಲೆ ಸಾರು.”

“ನುಂಗಕ್ಕಾಯ್ತದಾ?”

“ಅಗಿದು ತಿನ್ನು ತಾತ. ಹೊಸ ಹಲ್ಲು ಕಟ್ಟಿಸ್ಕೊಂಡಿರೋದು ಯಾಕೆ ಮತ್ತೆ?” ಕೃಪಾ ತಾತನ ಪಕ್ಕ ಬಂದು ಕುಳಿತು ದನಿ ತಗ್ಗಿಸಿದಳು. “ಸ್ಟೌ ತಗೊಂಡೋದ್ರೆ ಅಮ್ಮ ಅಲ್ಲೂ ಅದರ ಮುಂದೇನೇ ನಿಂತಿರ್ತಾಳೆ. ಕೊಚ್ಚಿ ನೋಡೋದು ನಾವು ಮೂರೇ ಜನ.”

ತಾತ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ, “ಲೋಕೇಸಾ, ಸ್ಟೌ ಬ್ಯಾಡ ಬಿಡು,” ಎಂದರು.

ಅಮ್ಮ ಬಾಗಿಲಿಗೆ ಬಂದಳು. “ಮಾವ, ನಿಮಗೆ ಕಷ್ಟ ಆಗುತ್ತೆ. ನಾನು ಮಾಡ್ತೀನಿ ಬಿಡಿ.”

“ಆದ್ರೆ ಆಗ್ಲಿ ಬಾರವ್ವ. ನೀನೂ ನೋಡು ಸಮುದ್ರವಾ.”

ಕೃಪಾ ಅಮ್ಮನ ಕೈಗೆ ಫೋನ್ ಕೊಟ್ಟಳು. ಅಮ್ಮ ಕೈ ಒರೆಸಿಕೊಂಡು ಚಾಪೆಯ ಮೇಲೆ ಕುಳಿತಳು. ಅವಳ ಬೆರಳು ಮ್ಯಾಪಿನ ನೀಲಿಯ ಮೇಲೆ ಮೆಲ್ಲಗೆ ಓಡಿತು.

“ಈ ಗೆರೆ ಏನೇ?”

“ಬೋಟ್ ಹೋಗೋ ದಾರಿ. ಅಲ್ಲಿನವರು ಬೋಟಲ್ಲೇ ಓಡಾಡ್ತಾರಂತೆ, ನಮ್ಮ ಮೆಟ್ರೋ ಥರ.”

“ಗಾಳಿ ಬರೋ ಕಡೆ ಕೂತ್ಕೋಬಹುದಾ?”

“ನಾನು ಕೂರಿಸ್ತೀನಿ.”

ಅಮ್ಮ ಬೋಟಿನ ಚಿತ್ರಗಳನ್ನು ಒಂದೊಂದಾಗಿ ಸರಿಸತೊಡಗಿದಳು. ಅಡುಗೆಮನೆಯಿಂದ ಹಾಲು ಉಕ್ಕಿ ಚುಂಯ್ ಎಂದ ಸದ್ದು ಬಂತು. ಅಮ್ಮ ತಲೆ ಎತ್ತಲಿಲ್ಲ.

ಕೃಪಾ ಅವಳನ್ನು ಕರೆಯಲು ಹೋಗಲಿಲ್ಲ. ಸದ್ದಾಗದಂತೆ ಎದ್ದು ಒಳಗೆ ಹೋಗಿ ಉರಿ ಆರಿಸಿದಳು.