ಹಾಲವ್ವ ಮತ್ತು ಝಗಮಗರಾಯನ ರಾಟೆ

ಹುಲಿಗಳು ಮಾತಾಡುತ್ತಿದ್ದ, ರಾಜರು ಕೂತು ಕೇಳಿಸಿಕೊಳ್ಳುತ್ತಿದ್ದ ಬಲು ಹಿಂದಿನ ಕಾಲ. ಕಡಲಬಾಗಿಲು ಅಂತ ಒಂದು ರಾಜ್ಯವಿತ್ತು. ಎರಡು ಗುಡ್ಡಗಳ ನಡುವೆ ಅಲ್ಲಿ ಕಡಲು ಓಣಿಯಷ್ಟೇ ಕಿರಿದು. ಆ ಓಣಿ ದಾಟದೆ ಯಾವ ದೇಶದ ಹಡಗೂ ಮುಂದೆ ಹೋಗುವಂತಿರಲಿಲ್ಲ. ಅದರ ಹೆಬ್ಬಾಗಿಲಿನ ಕೀಲಿ ದೊರೆಯ ಸೊಂಟದಲ್ಲಿ. ಊರ ತುಂಬ ನೇಕಾರರು. ಹಾಯಿ ಅಂದರೆ ಕಡಲಬಾಗಿಲಿನ ಹಾಯಿ, ಅಂಥ ಹೆಸರು.

ಅದೇ ಕಾಲಕ್ಕೆ ಮೂಡಣದಲ್ಲಿ ಉಬ್ಬರಗಿರಿ ಎಂಬ ರಾಜ್ಯ ಎದ್ದು ನಿಂತಿತು. ನಿನ್ನೆ ಮೊನ್ನೆಯವರೆಗೆ ಯಾರೂ ಮೂಸಿ ನೋಡದ ಕಲ್ಲುಗುಡ್ಡ! ಅದರ ದೊರೆ ಝಗಮಗರಾಯ ದೊಡ್ಡ ಮಾಯಾವಿ. ಅವನ ಮಗ್ಗಗಳು ತಾವೇ ನೇಯುತ್ತಿದ್ದವು. ಆ ಬಟ್ಟೆಗೆ ಕೊಳೆ ಹಿಡಿಯದು, ಅದು ಹರಿಯದು, ಬೆಲೆಯೋ ಪುಕ್ಕಟೆ ಅಂದರೂ ಸರಿ. ದೇಶದೇಶದ ಜನ ಮುಗಿಬಿದ್ದರು. ಸೈನಿಕರ ಅಂಗಿ, ಕೋಟೆಯ ಬಾವುಟ, ಹಡಗಿನ ಹಾಯಿ, ಕೊನೆಗೆ ದೊರೆಯ ಪಂಚೆಯೂ ಅದೇ ಬಟ್ಟೆಯದಾಯಿತು. ಕಡಲಬಾಗಿಲಿನವರ ಬುದ್ಧಿ ಕೇಳಬೇಡಿ! ಕಾಮನ ಹಬ್ಬಕ್ಕೆ ಹುಡುಗರು ಕಟ್ಟಿಗೆ ಹುಡುಕುತ್ತ ಬಂದಾಗ, ಇನ್ನು ಇವು ಯಾಕೆ ಅಂತ ನೇಕಾರರೇ ಮಗ್ಗ ಹೊತ್ತು ತಂದು ಬೆಂಕಿಗೆ ಹಾಕಿದರು. ಸುತ್ತ ನಿಂತು ಬಾಯಿ ಬಡಿದುಕೊಂಡು ಕುಣಿದರು ಬೇರೆ.

ನೇಕಾರರ ಹುಡುಗಿ ಹಾಲವ್ವಳೂ ಕುಣಿದವಳೇ. ಅವಳ ಅಣ್ಣ ಬಸವಂತ ಹೊಸ ಹಾಯಿಯ ಹಡಗಿನಲ್ಲಿ ಮೆಣಸು ತುಂಬಿಕೊಂಡು ದೂರದೇಶಕ್ಕೆ ಹೋದ. ಮಳೆಗಾಲ ಹತ್ತಿರವಾದರೂ ವಾಪಸು ಬಂದಿರಲಿಲ್ಲ.

ಆಗ ದೊರೆಯ ಅರಮನೆಗೆ ಉಬ್ಬರಗಿರಿಯ ದೂತ ಬಂದ. "ಹುಣ್ಣಿಮೆಯೊಳಗೆ ಹೆಬ್ಬಾಗಿಲಿನ ಕೀಲಿ ನಮ್ಮ ರಾಯರಿಗೆ ಒಪ್ಪಿಸಿ. ಇಲ್ಲವೋ, ಅವರು ರಾಟೆ ತಿರುಗಿಸುತ್ತಾರೆ. ನಾವು ಮಾರಿದ ಬಟ್ಟೆಯೆಲ್ಲ ನೂಲಾಗಿ ನಮ್ಮಲ್ಲಿಗೇ ಬರುತ್ತದೆ" ಅಂದ. ಅಂದು, ಚಿಟಿಕೆ ಹೊಡೆದ. ಸೇನಾಪತಿಯ ಅಂಗಿ ಸರ್ರನೆ ಬಿಚ್ಚಿ, ನೂಲಾಗಿ, ಕಿಟಕಿಯಿಂದ ಹಾರಿಹೋಯಿತು. ನಗಬೇಡಿ, ಪಾಪ.

ದೊರೆ ತಲೆಯ ಮೇಲೆ ಕೈ ಹೊತ್ತು ಕೂತ. ಕೀಲಿ ಕೊಟ್ಟರೆ ಲೋಕದ ಹಡಗುಗಳೆಲ್ಲ ಝಗಮಗರಾಯನ ಮುಷ್ಟಿಯಲ್ಲಿ. ಕೊಡದಿದ್ದರೆ? ಸುದ್ದಿ ಕೇಳಿ ಹಾಲವ್ವ ಮನೆಗೆ ಓಡಿದಳು. ನಡುಗಡಲಲ್ಲಿ ಹಾಯಿ ಮಾಯವಾದರೆ ಅಣ್ಣ ಉಳಿಯುತ್ತಾನೆಯೇ?

"ಅವ್ವ, ನಾನು ಹೋಗಿ ಆ ರಾಟೆಗೊಂದು ಗತಿ ಕಾಣಿಸಿ ಬರ್ತೀನಿ" ಅಂದಳು.

ತಾಯಿ ರಾಚವ್ವ ಅವಳ ಸೆರಗು ಹಿಡಿದಳು. "ಹುಚ್ಚಿ! ಮಗ ನೀರಿನ ಮೇಲೆ, ಮಗಳು ಹುಲಿ ಬಾಯಿಗಾ?"

"ಇಲ್ಲೇ ಅಳ್ತಾ ಕೂತರೆ ಅಣ್ಣ ಬರ್ತಾನಾ ಅವ್ವ?"

ರಾಚವ್ವ ಕಣ್ಣೊರೆಸಿಕೊಂಡು ರೊಟ್ಟಿ ಕಟ್ಟಿಕೊಟ್ಟಳು, ಕೈಗೊಂದು ಕುಡುಗೋಲು ಕೊಟ್ಟಳು.

ಆ ಮಾಯದ ಬಟ್ಟೆಯ ಅಂಚಿನಿಂದ ಒಂದೊಂದು ಎಳೆ ಹೊರಟು ಮೂಡಣಕ್ಕೆ ಹೋಗುತ್ತಿತ್ತು. ಕಣ್ಣಿಗೆ ಕಾಣದು, ಬೆರಳಿಗೆ ಸಿಗುವುದು. ಹಾಲವ್ವ ಅದನ್ನು ಹಿಡಿದುಕೊಂಡೇ ನಡೆದಳು. ಕಾಡು ದಾಟಿದಳು, ಕಣಿವೆ ದಾಟಿದಳು, ಉಬ್ಬರಗಿರಿಯ ಬಾಗಿಲಿಗೆ ಬಂದಳು.

ಬಾಗಿಲಲ್ಲಿ ಹಿತ್ತಾಳೆ ಹುಲಿ. "ಏಯ್ ಹುಡುಗಿ! ನಮ್ಮ ರಾಯರ ರಾಜ್ಯದಲ್ಲಿ ಇಲ್ಲದ್ದು ಒಂದೇ ಒಂದು ಹೇಳು, ಒಳಗೆ ಬಿಡ್ತೀನಿ. ಹೇಳದಿದ್ದರೆ ನುಂಗ್ತೀನಿ" ಅಂತ ಗರ್ಜಿಸಿತು.

ಹಾಲವ್ವ ಸುತ್ತ ನೋಡಿದಳು. ಎಲ್ಲಿ ನೋಡಿದರೂ ಬಂಡೆ, ಒಂದು ಹಸಿರು ಕಡ್ಡಿಯಿಲ್ಲ. "ಹತ್ತಿ" ಅಂದಳು. "ಇಷ್ಟು ಬಟ್ಟೆ ನೇಯ್ತೀರಲ್ಲ, ಹತ್ತಿ ಯಾರ ಹೊಲದ್ದಪ್ಪ?"

ಹುಲಿಯ ತೆರೆದ ಬಾಯಿ ತೆರೆದೇ ಉಳಿಯಿತು. ಅದು ಯೋಚಿಸುತ್ತಿರುವಾಗಲೇ ಹಾಲವ್ವ ಒಳಗೆ ನಡೆದಳು.

ಎರಡನೆಯದು ಸಾವಿರ ಕಣ್ಣಿನ ಗಿಡುಗ. ಲೋಕದ ಮನೆಮನೆಯನ್ನೂ ಇಣುಕಿ ನೋಡಿ ರಾಯನಿಗೆ ಸುದ್ದಿ ಮುಟ್ಟಿಸುವುದೇ ಅದರ ಕೆಲಸ. "ಕಂಡೆ, ಕಂಡೆ! ರಾಯರಿಗೆ ಹೇಳ್ತೀನಿ!" ಅಂತ ಚೀರಿತು.

"ಹೇಳುವಿಯಂತೆ ಬಿಡಣ್ಣ. ಊಟ ಆಯ್ತಾ?" ಅಂದಳು ಹಾಲವ್ವ.

ಗಿಡುಗ ತಬ್ಬಿಬ್ಬಾಯಿತು. ಊರೂರಿನವರ ಊಟ ನೋಡಿದ ಹಕ್ಕಿಯನ್ನು ಯಾರೂ ಈ ಮಾತು ಕೇಳಿರಲಿಲ್ಲ. ಹಾಲವ್ವ ರೊಟ್ಟಿ ಮುರಿದು ಚಟ್ನಿಪುಡಿ ಹಾಕಿ ಕೊಟ್ಟಳು. ಅದಕ್ಕೆ ಸಾವಿರ ಕಣ್ಣಲ್ಲೂ ನೀರು ಬಂತು, ಮುಂದಿನದೇನೂ ಕಾಣದಾಯಿತು. "ಹೋಗು ತಂಗಿ, ನಾನು ನಿನ್ನ ನೋಡೇ ಇಲ್ಲ" ಅಂದಿತು.

ಮೂರನೆಯದು ರಾಟೆ. ಅಬ್ಬಬ್ಬಾ, ಬೆಟ್ಟದ ಹೊಟ್ಟೆಯೊಳಗೆ ಬೆಟ್ಟದಷ್ಟೇ ದೊಡ್ಡದು! ಲೋಕದ ಬಟ್ಟೆಗಳ ಎಳೆಗಳೆಲ್ಲ ಬಂದು, ದೇಶಕ್ಕೊಂದು ಹುರಿಯಾಗಿ ಅದರ ಗೂಟಕ್ಕೆ ಸುತ್ತಿಕೊಂಡಿದ್ದವು. ಹಾಲವ್ವ ಕುಡುಗೋಲಿನಿಂದ ಕೊಯ್ದಳು, ಕುಡುಗೋಲೇ ಮೊಂಡಾಯಿತು. ಗೂಟದಿಂದ ಬಿಡಿಸಿದಳು, ಹುರಿ ಹಾವಿನಂತೆ ಹರಿದು ಮತ್ತೆ ಅಲ್ಲೇ ಹೋಗಿ ಸುತ್ತಿಕೊಂಡಿತು. ಅವಳಿಗೆ ಅಳುವೇ ಬಂತು. ಅಣ್ಣನ ಹಾಯಿಯ ಎಳೆ ಅದರಲ್ಲೇ ಇತ್ತಲ್ಲ.

ಆಮೇಲೆ ತನ್ನನ್ನು ತಾನೇ ಬೈದುಕೊಂಡಳು. ನೇಕಾರರ ಮನೆಯಲ್ಲಿ ಹುಟ್ಟಿ ಕೊಯ್ಯಲು ಹೊರಟೆನಲ್ಲ! ಮಗ್ಗದ ಮೇಲೆ ಹಾಸಿನ ನೂಲು ಮುಗಿದರೆ ಯಾರಾದರೂ ಕಿತ್ತೆಸೆಯುತ್ತಾರೆಯೇ? ಹಳೇ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸಿ ಕೆಚ್ಚುತ್ತಾರೆ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಳು. ಕಡಲಬಾಗಿಲಿನ ಹುರಿ ಬಿಡಿಸಿ ಮುತ್ತಿನ ದ್ವೀಪದ ಹುರಿಗೆ ಕೆಚ್ಚಿದಳು. ಅದನ್ನು ಮರಳುನಾಡಿನದಕ್ಕೆ, ಮರಳುನಾಡಿನದನ್ನು ಹಿಮದ ನಾಡಿನದಕ್ಕೆ. ಒಂದನ್ನೊಂದು ಹಿಡಿದ ಹುರಿಗಳು ಗೂಟದ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಗೂಟದಲ್ಲಿ ಉಳಿದದ್ದು ಒಂದೇ, ಉಬ್ಬರಗಿರಿಯದೇ ಜರಿಯ ಹುರಿ.

"ಯಾರೇ ಅದು?" ಝಗಮಗರಾಯ ಧಡಧಡ ಬಂದ.

"ಕಡಲಬಾಗಿಲಿನ ಹಾಲವ್ವ. ಕೀಲಿ ಕೊಡಲ್ಲ ಅಂತ ಹೇಳೋಕೆ ಬಂದೆ."

"ಹೌದಾ? ಹಾಗಾದರೆ ನಿಮ್ಮ ಹಡಗುಗಳ ಗತಿ ನೋಡು!" ಅಂದವನೇ ರಾಟೆ ತಿರುಗಿಸಿದ.

ರಾಟೆ ಗಿರ್ರನೆ ತಿರುಗಿತು. ಮೊದಲು ರಾಯನ ಪೇಟ ಹೋಯಿತು. ಆಮೇಲೆ ಶಾಲು, ಆಮೇಲೆ ನಿಲುವಂಗಿ. ಅರಮನೆಯ ಪರದೆ, ದಂಡಿನ ಡೇರೆ, ಕೋಟೆಯ ಬಾವುಟ ಎಲ್ಲ ನೂಲಾಗಿ ಬಂದು ಬಿದ್ದವು. ಹಿತ್ತಾಳೆ ಹುಲಿಯ ಹೊಟ್ಟೆಯೊಳಗಿನದೂ ನೂಲೇ ಆಗಿತ್ತು, ಅದು ಖಾಲಿ ಕೊಡದಂತೆ ಉರುಳಿತು. ಉಬ್ಬರಗಿರಿಯ ಕೆಲಸಗಾರರು ಓಡಿ ಬಂದು ನೋಡಿದರೆ, ಲೋಕವನ್ನೇ ನಡುಗಿಸಿದ ರಾಯ ಲಂಗೋಟಿಯಲ್ಲಿ ನಿಂತಿದ್ದಾನೆ! ನಕ್ಕರು ನೋಡಿ, ಬೆಟ್ಟ ಅದುರುವಂತೆ ನಕ್ಕರು. ಆ ನಗೆಗೆ ರಾಟೆ ಬಿರುಕು ಬಿಟ್ಟು ಎರಡು ಹೋಳಾಯಿತು. ಮಾಯೆ ಹೋಯಿತು, ಲೋಕದ ಬಟ್ಟೆಗಳೆಲ್ಲ ಬರೀ ಬಟ್ಟೆಗಳಾದವು.

"ನನ್ನ ಊರು ಬರೀ ಕಲ್ಲು ತಾಯಿ. ಎಲ್ಲರನ್ನೂ ಕಟ್ಟಿಹಾಕದಿದ್ದರೆ ಯಾರು ಬರ್ತಿದ್ದರು?" ಅಂತ ರಾಯ ಬಿಕ್ಕಿದ.

"ಕಟ್ಟಿಹಾಕಿದ್ದರಿಂದಲ್ಲ, ಬಟ್ಟೆ ಚೆನ್ನಾಗಿತ್ತು ಅಂತ ಬಂದ್ವಿ" ಅಂದಳು ಹಾಲವ್ವ. "ನಾವು ಹತ್ತಿ ಕೊಡ್ತೀವಿ, ನೀವು ಬಟ್ಟೆ ಕೊಡಿ. ಸುಟ್ಟ ಮಗ್ಗ ಮತ್ತೆ ಕಟ್ಟಿಕೊಳ್ತೀವಿ. ನಮ್ಮ ಮಗ್ಗವೂ ಆಡಲಿ, ನಿಮ್ಮದೂ ಆಡಲಿ." ಕೆಲಸಗಾರರು ಹೋ ಎಂದು ಕೂಗಿ ಅವಳನ್ನು ಹೆಗಲ ಮೇಲೆ ಹೊತ್ತರು. ರಾಯನನ್ನು ಹತ್ತಿ ಹಿಂಜಲು ಕೂರಿಸಿದರು.

ಹಾಲವ್ವ ಊರಿಗೆ ಬಂದಾಗ ಹುಣ್ಣಿಮೆಯ ಬೆಳಗು. ರಾಚವ್ವ ದಡದಲ್ಲೇ ನಿಂತಿದ್ದಳು. ಮಗಳನ್ನು ತಬ್ಬಿಕೊಂಡರೂ ಕಣ್ಣು ಕಡಲ ಮೇಲೆಯೇ. ಗಾಳಿ ಎದ್ದಿತ್ತು, ಮೋಡ ಕಟ್ಟಿತ್ತು. ಅಷ್ಟರಲ್ಲಿ ದೂರದಲ್ಲಿ ಒಂದು ಹಾಯಿ ಕಾಣಿಸಿತು, ಗಾಳಿ ತುಂಬಿಕೊಂಡ ಹಾಯಿ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಊರಿಗೆ ಊರೇ ನಗಾರಿ ಬಾರಿಸಿತು. ಬಸವಂತ ಹಡಗು ನಿಲ್ಲುವ ಮೊದಲೇ ನೀರಿಗೆ ಧುಮುಕಿ ಈಜಿ ಬಂದ.

"ಏನವ್ವ, ಊರೆಲ್ಲ ಇಲ್ಲೇ ಸೇರಿದೆ? ಏನಾಯ್ತು?" ಅಂತ ಕೇಳಿದ.

ರಾಚವ್ವ ಒದ್ದೆ ಮಗನನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು, ಗಟ್ಟಿಯಾಗಿ ನಕ್ಕಳು. ಅಂದಿನಿಂದ ಆ ಕಡಲಿನ ಜನರೆಲ್ಲ, ಕೊಟ್ಟವರೂ ಕೊಂಡವರೂ, ಉಂಡು ಉಟ್ಟು ನೆಮ್ಮದಿಯಾಗಿ ಬಾಳಿದರು. ಕೇಳಿದ ನೀವೂ ಹಾಗೇ ಬಾಳಿ.