ಇಪ್ಪತ್ತನೇ ಲೆಕ್ಕ

ಬುಧವಾರ ಬೆಳಿಗ್ಗೆ 10.20ಕ್ಕೆ ಟ್ಯೂಷನ್ ಸೆಂಟರಿನ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಕಾಲೇಜು ಪ್ರವೇಶ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಗಣಿತದ ಮಾದರಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬೀರುವಿನಿಂದ ಮಾಯವಾಗಿತ್ತು. ಎಫ್ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಸೆಂಟರಿನಲ್ಲಿ ಪಂಚನಾಮೆ. ಬೀರುವಿನ ಬೀಗ ಹಾಗೇ ಇತ್ತು. ಅದರ ಬಾಗಿಲಿನ ಕೀಲುಗಳ ಸ್ಕ್ರೂ ಬಿಚ್ಚಿದ್ದ ಕಳ್ಳ, ಒಂದೂ ಬಿಡದೆ ಮತ್ತೆ ಬಿಗಿಸಿ, ಕೀಲುಗಳಿಗೆ ಎಣ್ಣೆಯನ್ನೂ ಹಾಕಿ ಹೋಗಿದ್ದ.

"ಕದ್ದೋನು ರಿಪೇರಿನೂ ಮಾಡಿ ಹೋಗಿದಾನಲ್ಲ ಮೇಡಂ!" ಎಂದ ಮುಖ್ಯ ಪೇದೆ.

ಇನ್ಸ್‌ಪೆಕ್ಟರಮ್ಮ ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿದರು. "ಹೊಲಿಗೆ ಮಷೀನಿಂದು. ನಮ್ಮಮ್ಮನೂ ಇದನ್ನೇ ಬಿಡ್ತಿದ್ರು." ಮಾಲೀಕನತ್ತ ತಿರುಗಿದರು. "ಪತ್ರಿಕೆ ಯಾರಾದ್ರೂ ಕೇಳಿದ್ರಾ?"

"ಒಬ್ಬ ಟೈಲರ್ ಎರಡು ಸಲ ಬಂದಿದ್ದ. ಮಗಳ ಮಾರ್ಕ್ಸ್ ಯಾಕೆ ಏರ್ತಿಲ್ಲ ನೋಡ್ಬೇಕು ಅಂದ. ನಾವು ಮಾರ್ಕ್ಸ್ ಹೇಳ್ತೀವಿ, ಪತ್ರಿಕೆ ತೋರ್ಸಲ್ಲ."

"ತೋರ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಮಾಲೀಕ ಟೈಲರ್ ಅಂಗಡಿಯ ವಿಳಾಸ ಬರೆದುಕೊಟ್ಟ.

ಮಧ್ಯಾಹ್ನ ಮೂರಕ್ಕೆ ಟೈಲರ್ ಅಂಗಡಿಯಲ್ಲಿ, ಇಸ್ತ್ರಿಯಾದ ಅಂಗಿಗಳ ಪಕ್ಕ, ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟು ಸಿಕ್ಕಿತು. ಟೈಲರ್ ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ.

"ಸಂಜೆ ವಾಪಸ್ ಇಡೋನಿದ್ದೆ ತಾಯಿ."

"ನೋಡಿ ಏನು ತಿಳೀತು?"

ಅವನು ಮಗಳ ಪತ್ರಿಕೆ ಬಿಡಿಸಿದ. ಮೊದಲ ಹತ್ತೊಂಬತ್ತು ಲೆಕ್ಕಕ್ಕೂ ಕೆಂಪು ಸರಿ ಗುರುತು. ಇಪ್ಪತ್ತನೆಯದರಲ್ಲಿ ಅಳಿಸಿ ಅಳಿಸಿ ಕಾಗದವೇ ತೂತಾಗಿತ್ತು. ಮುಂದಿನ ಮೂವತ್ತೂ ಖಾಲಿ.

"ನಂಗೆ ಲೆಕ್ಕ ಬರಲ್ಲ, ಖಾಲಿ ಜಾಗ ಕಾಣುತ್ತೆ. ಕೈಲಿರೋ ಬಟ್ಟೆ ಮುಗೀದೆ ಇನ್ನೊಂದು ಮುಟ್ಬೇಡ ಅಂತ ಚಿಕ್ಕಂದಿನಿಂದ ಹೇಳಿಕೊಟ್ಟೋನು ನಾನೇ. ಬಾರದ ಲೆಕ್ಕ ಹಿಡ್ಕೊಂಡು ಕೂತ್ಬಿಟ್ಟಿದೆ ಮಗು."

ಇನ್ಸ್‌ಪೆಕ್ಟರಮ್ಮನ ಬೆರಳು ಕಾಗದದ ತೂತಿನ ಮೇಲೆ ಒಮ್ಮೆ ಆಡಿತು. ಆದರೂ ಕಳವು ಕಳವೇ. 4.15ಕ್ಕೆ ಬಂಧನ.

"ಮನೆಯವರಿಗೆ ತಿಳಿಸ್ಬೇಕು, ಅದು ನಿಯಮ. ಮಾತಾಡಿ," ಎಂದು ಠಾಣೆಯ ಫೋನನ್ನು ಅವನತ್ತ ಸರಿಸಿದರು. ಆಚೆಯಿಂದ ಮಗಳ ದನಿ ಅವರಿಗೂ ಕೇಳಿಸುತ್ತಿತ್ತು.

"ಅಪ್ಪಾ, ಎಲ್ಲಿದೀಯ?"

"ಠಾಣೇಲಿ ಕಣೇ. ಅದಿರ್ಲಿ, ಆಮೇಲೆ ಬೈಯುವಂತೆ. ಭಾನುವಾರ ಬಾರದ ಲೆಕ್ಕ ಬಿಟ್ಟು ಮುಂದಕ್ಕೆ ಹೋಗು. ನಾನು ಹೇಳಿದ್ದು ಬಟ್ಟೆಗೆ, ಪರೀಕ್ಷೆಗಲ್ಲ."



"ನೀನು ಹೇಳಿದ್ದನ್ನ ಹೇಗಪ್ಪಾ ಬಿಡ್ಲಿ?"

"ಬಿಡು ಮಗಳೇ," ಎಂದ ಟೈಲರ್, ಕಣ್ಣೊರೆಸಿಕೊಳ್ಳುತ್ತ. "ನಾನೇ ಹೇಳ್ತಿದೀನಲ್ಲ, ಬಿಟ್ಬಿಡು."

ಮುಖ್ಯ ಪೇದೆ ಕಿಟಕಿಯತ್ತ ಮುಖ ತಿರುಗಿಸಿಕೊಂಡ. ಇನ್ಸ್‌ಪೆಕ್ಟರಮ್ಮ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದರು: ಮಗಳು ಎಲ್ಲಿ ಸಿಕ್ಕಿಕೊಂಡು ನಿಲ್ಲುತ್ತಾಳೆಂದು ನೋಡಲು.