ಟೆಂಪಲ್ ಯಾರದ್ದು?

ಹಾರ್ನ್!

ಹೈವೇ ಬಿಟ್ಟು ಊರೊಳಗೆ ತಿರುಗಿದ್ದೆನಷ್ಟೆ. ಕನ್ನಡಿ ನೋಡಿದೆ. ಬಿಳಿ ಮಿನಿವ್ಯಾನ್... ಮುಂದೆ ಹಳದಿ-ಕೆಂಪು ಬಾವುಟ. ಆಸ್ಟಿನ್‌ನವರು!

ಆಕ್ಸಿಲರೇಟರ್ ತುಳಿದೆ.

ನಾನು ಜಯತೀರ್ಥ. ಮನೆ ಡ್ಯಾಲಸ್ ಪಕ್ಕದ ಫ್ರಿಸ್ಕೋದಲ್ಲಿ. ಆಪರೇಷನ್‌ಗೆ ಮುಂಚೆ ಜನರನ್ನು ಮಲಗಿಸುತ್ತಿದ್ದ ಡಾಕ್ಟರ್. ರಿಟೈರ್ ಆದ ಮೇಲೆ ಡ್ಯಾಲಸ್ ಕನ್ನಡ ಸಂಘದ ಕೊಳಕು ಕೆಲಸಗಳೆಲ್ಲ ನನ್ನ ತಲೆಗೇ.

2014ರಲ್ಲಿ ಡ್ಯಾಲಸ್, ಆಸ್ಟಿನ್ ಎರಡೂ ಒಂದೇ ಶನಿವಾರ ರಾಜ್ಯೋತ್ಸವ ಇಟ್ಟುಕೊಂಡವು. ಯುದ್ಧ! ಹೂಸ್ಟನ್‌ನವರು ತಟಸ್ಥ. ಎರಡೂ ಕಡೆಗೆ ಮೈಕ್ ಸೆಟ್ ಕೊಟ್ಟು ಮಜಾ ನೋಡುತ್ತಿದ್ದರು.

ಮಧ್ಯೆ ಸಿಕ್ಕಿಬಿದ್ದದ್ದು ಟೆಂಪಲ್ ಎಂಬ ಊರು. ಅಲ್ಲಿ ಧಾರವಾಡದ ಗಂಗವ್ವ. ಅವರು ಕೈಯಲ್ಲಿ ತಟ್ಟುವ ಜೋಳದ ರೊಟ್ಟಿ ಎಲ್ಲಿರುತ್ತದೋ, ಜನ ಅಲ್ಲಿ.

"ಟೆಂಪಲ್ ಕೈತಪ್ಪಿದ್ರೆ ನಾಟಕದಲ್ಲಿ ನೀವು ರಾಜ ಅಲ್ಲ. ಪಾರ್ಕಿಂಗ್ ನೋಡ್ಕೊಳ್ಳಿ!" ಎಂದಿದ್ದರು ನಮ್ಮ ಅಧ್ಯಕ್ಷೆ ಪ್ರಿಯಂವದಾ.

ವರ್ಷಗಟ್ಟಲೆ ಸೈನಿಕನ ಪಾತ್ರ ಮಾಡಿ ಸಿಕ್ಕ ಕಿರೀಟ... ಬಿಡುವುದುಂಟೇ?

ಗಂಗವ್ವನ ಮನೆ ಮುಂದೆ ಎರಡೂ ಗಾಡಿ ಕಿರ್ರೆಂದು ನಿಂತವು. ವ್ಯಾನಿನಿಂದ ಧುಮುಕಿದವನು ಆಸ್ಟಿನ್ ಸಂಘದ ಕಾರ್ಯದರ್ಶಿ ಪ್ರಹ್ಲಾದ್.

"ಟೆಂಪಲ್ ನಮ್ದು ಅಂಕಲ್! ಯಾವತ್ತೋ ಸೇರಿಸ್ಕೊಂಡಾಯ್ತು!"

"ಸಾಕ್ಷಿ?"

"ಗಂಗವ್ವ ಆಂಟಿ ನಮ್ಮ ಗಣೇಶನ ಹಬ್ಬಕ್ಕೆ ಬಂದಿದ್ರು. ಹೊರಡ್ತಾ ಎಲ್ಲರ ಮುಂದೆ ಹೇಳಿದ್ರು... 'ಬರ್ತೀನಿ' ಅಂತ!"

ನಾನು ನಕ್ಕೆ.

"ನಮ್ಮ ಯುಗಾದಿಯಲ್ಲೂ ಅದನ್ನೇ ಹೇಳಿದ್ರು ಕಣಯ್ಯಾ. ನಿಮಗಿಂತ ಮುಂಚೆ!"

ಕಾಲರ್‌ಗೆ ಕೈ ಹೋಗುವಷ್ಟರಲ್ಲಿ ಬಾಗಿಲು ತೆರೆಯಿತು.

ಗಂಗವ್ವ! ಮೊಣಕೈವರೆಗೂ ಹಿಟ್ಟು.

"ಅಯ್ಯ ಖೋಡಿಗಳಿರಾ! ಹೊಂಟಾಗ 'ಹೋಗ್ತೇನಿ' ಅನಬಾರದು ಅಂತ 'ಬರ್ತೇನ್ರಿ' ಅಂದೆ. ಅಷ್ಟಕ್ಕ ನನ್ನೂರು ನಿಮ್ಮದಾತೇನು?"

ಇಬ್ಬರೂ ತಲೆ ತಗ್ಗಿಸಿದೆವು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಕೇಳ್ರಿಲ್ಲೆ. ಟೆಂಪಲ್ ಸ್ವತಂತ್ರ! ಅಧ್ಯಕ್ಷಿ ನಾನು. ರಾಜ್ಯೋತ್ಸವ ನಮ್ಮ ಹಿತ್ತಲದಾಗ. ರೊಟ್ಟಿ ಬೇಕಾದವರು ಇಲ್ಲಿಗೇ ಬರ್ರಿ."

ಪ್ರಹ್ಲಾದ್ ಚಾಲಾಕಿ. "ಬೈ ಆಂಟಿ!" ಎಂದು ಇಂಗ್ಲಿಷಿನಲ್ಲೇ ಪಾರಾದ.

ನಾನು? ಹಾಳಾದ ಅಭ್ಯಾಸ... ಕೈ ಮುಗಿದೆ.

"ಬರ್ತೀನಿ ಗಂಗವ್ವನವರೇ."

ಹಿಟ್ಟಿನ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಅಂದ್ರಲಾ! ನಿಮ್ಮ ನ್ಯಾಯನ ನಿಮಗ. ಇನ್ನ ನೀವು ಟೆಂಪಲ್‌ನವರು. ಏನ್ ಕೆಲಸ ಬರ್ತದ ನಿಮಗ?"

ಶನಿವಾರ ಡ್ಯಾಲಸ್ಸೂ ಬಂತು, ಆಸ್ಟಿನ್ನೂ ಬಂತು. ಮೈಕ್ ಸೆಟ್ ವಾಪಸ್ ಕೇಳುವ ನೆಪದಲ್ಲಿ ಹೂಸ್ಟನ್ನೂ ಬಂತು! ನಾನು ಕಿರೀಟ ತೊಟ್ಟು ಗೇಟಿನಲ್ಲಿ ನಿಂತಿದ್ದೆ. ಕೈ ಎತ್ತಿದರೆ ಸಾಕು, ಪ್ರಜೆಗಳೆಲ್ಲ ತಿರುಗುತ್ತಿದ್ದರು...

ಎಡಕ್ಕೆ. ಡ್ರೈವ್‌ವೇ ಬಿಟ್ಟು, ಪಾರ್ಕಿಂಗ್ ಕಡೆಗೆ.